ಎಡಗೈಗೆ ತೆರೆಯುವ ಬಾಗಿಲು

ಬಾಗಿಲು ಕಂಡರೆ ನಮ್ಮ ಜನ ಮೊದಲು ಮಾಡುವ ಕೆಲಸ ಅದನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುವುದು. ತೆಂಗಿನಕಾಯಿ, ಹಲಸಿನಹಣ್ಣು, ಮಣ್ಣಿನ ಹೂಜಿ, ಬಾಗಿಲು, ಎಲ್ಲಕ್ಕೂ ಅದೊಂದೇ ಪರೀಕ್ಷೆ. ದಪ್ಪ ಸದ್ದು ಬಂದರೆ ತಲೆದೂಗುತ್ತಾರೆ, ತೆಳು ಸದ್ದು ಬಂದರೆ ಮುಖ ಹುಳ್ಳಗೆ ಮಾಡುತ್ತಾರೆ. ಬೆಂಕಿ ತಡೆಯುವ ಹಗುರವಾದ ಬಾಗಿಲು ಮಾಡಲು ಹೊರಟ ನನಗೆ ಬೆಂಕಿಗಿಂತ ಹೆಚ್ಚು ಕಾಟ ಕೊಟ್ಟದ್ದು ಈ ಗೆಣ್ಣುಗಳೇ. ಈಗಲೂ ಯಾರಾದರೂ ಬಾಗಿಲ ಮುಂದೆ ನಿಂತು ಬೆರಳು ಮಡಚಿದರೆ ನನಗೆ ಮೈ ಉರಿಯುತ್ತದೆ.

ನಾನು ಅಂಜನಾ. ತಲಘಟ್ಟಪುರದಲ್ಲಿ, ಕನಕಪುರ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಒಂದು ಬಾಡಿಗೆ ಶೆಡ್ಡಿನಲ್ಲಿ ನಾನೂ ನನ್ನ ಗಂಡ ವಿಜಯಕುಮಾರನೂ ಸೇರಿ ಬೆಂಕಿ ತಡೆಯುವ ಬಾಗಿಲು, ಶಟರುಗಳನ್ನು ಮಾಡುತ್ತೇವೆ. ಇಬ್ಬರೂ ಒಂದೇ ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದಿದವರು. ವಿನ್ಯಾಸ ನನ್ನದು, ಮಾರಾಟ ಅವನದು. ನನ್ನ ಬಾಯಿ ಜೋರು, ಗಿರಾಕಿಗಳ ಮುಂದೆ ನನ್ನನ್ನು ಬಿಟ್ಟರೆ ಶೆಡ್ಡಿಗೆ ಬೀಗ ಹಾಕಬೇಕಾಗುತ್ತದೆ ಎಂದು ಅವನು ಮೊದಲ ವರ್ಷವೇ ಈ ಪಾಲು ಮಾಡಿದ. ಅವನು ಹೇಳಿದ್ದು ಸುಳ್ಳೇನಲ್ಲ.

ಅಪಾರ್ಟ್‌ಮೆಂಟುಗಳಲ್ಲಿ ಮೆಟ್ಟಿಲ ಬಳಿ ಇರುವ ಉಕ್ಕಿನ ಬಾಗಿಲನ್ನು ನೀವು ನೋಡಿರುತ್ತೀರಿ. ಎಲ್ಲೋ ಬೆಂಕಿ ಹೊತ್ತಿದರೆ ಹೊಗೆ ಮೆಟ್ಟಿಲೊಳಗೆ ನುಗ್ಗಬಾರದು, ಜನ ಇಳಿದು ಹೋಗಲು ಒಂದು ದಾರಿ ಉಳಿಯಬೇಕು, ಅದಕ್ಕೆ ಅದು ಇರುವುದು. ಹಾಗಾಗಿ ಅದು ಸದಾ ಮುಚ್ಚಿರಬೇಕು. ತೆರೆದು ಬಿಟ್ಟರೆ ತಾನೇ ಮುಚ್ಚಿಕೊಳ್ಳಲಿ ಎಂದು ಮೇಲ್ಗಡೆ ಒಂದು ಸ್ಪ್ರಿಂಗಿನ ಕ್ಲೋಸರ್ ಇರುತ್ತದೆ. ಬಾಗಿಲು ಎಷ್ಟು ಭಾರವೋ ಸ್ಪ್ರಿಂಗ್ ಅಷ್ಟು ಬಿಗಿ. ಒಬ್ಬ ದಪ್ಪ ಆಸಾಮಿ ಆ ಕಡೆಯಿಂದ ಒತ್ತಿ ಹಿಡಿದಿದ್ದಾನೆ, ನೀವು ಈ ಕಡೆಯಿಂದ ತೆಗೆಯಬೇಕು ಎಂದುಕೊಳ್ಳಿ. ಕೈಯಲ್ಲಿ ತರಕಾರಿ ಚೀಲ ಇರುವವರು, ಮಂಡಿನೋವಿನವರು, ಮಗು ಎತ್ತಿಕೊಂಡವರು ಒಂದು ವಾರ ಅದರ ಜೊತೆ ಗುದ್ದಾಡುತ್ತಾರೆ. ಆಮೇಲೆ ಒಂದು ಕಲ್ಲು ಬರುತ್ತದೆ.

ಆ ಕಲ್ಲಿನ ಬಗ್ಗೆ ನಾನೊಂದು ಪುಸ್ತಕವನ್ನೇ ಬರೆಯಬಲ್ಲೆ. ಜಯನಗರದಲ್ಲಿ ಗ್ರಾನೈಟ್ ತುಂಡು, ಜೆ.ಪಿ. ನಗರದಲ್ಲಿ ಗಿಡ ಒಣಗಿಹೋದ ಕುಂಡ, ಬಿ.ಟಿ.ಎಂ. ಲೇಔಟಿನ ಪಿ.ಜಿ.ಗಳಲ್ಲಿ ತುಂಬಿದ ನೀರಿನ ಕ್ಯಾನು, ಶ್ರೀನಗರದ ಒಂದು ಕಟ್ಟಡದಲ್ಲಿ ಯಾರದೋ ಅಜ್ಜಿಯ ರುಬ್ಬುವ ಗುಂಡು. ಕಲ್ಲು ಇಟ್ಟ ಮೇಲೆ ಅದು ಬೆಂಕಿ ಬಾಗಿಲಲ್ಲ, ಗೋಡೆಗೆ ಒರಗಿಸಿಟ್ಟ ತಗಡು ಅಷ್ಟೇ. ಕೇಳಿದರೆ ಗಾಳಿ ಬರಲಿ ಅಂತ ಮೇಡಂ ಎನ್ನುತ್ತಾರೆ. ಬೆಂಕಿಗೂ ಬೇಕಾಗಿರುವುದು ಅದೇ ಗಾಳಿ ಎಂದು ನಾನು ಹೇಳಿದರೆ, ಈಯಮ್ಮನಿಗೆ ಬೇರೆ ಕೆಲಸವಿಲ್ಲ ಎಂಬಂತೆ ನೋಡುತ್ತಾರೆ.

ನಾವಿರುವುದು ಬನಶಂಕರಿ ಎರಡನೇ ಹಂತದ ಒಂದು ಹಳೆಯ ಅಪಾರ್ಟ್‌ಮೆಂಟಿನಲ್ಲಿ, ಕೊನೆಯ ಮಹಡಿ. ವಿಜಯ್‌ನ ತಾಯಿ ಕಮಲಾದೇವಿ ನಮ್ಮ ಜೊತೆಗಿದ್ದಾರೆ. ಅತ್ತೆಗೆ ಸಂಧಿವಾತ. ಬಲಗೈಯ ಮಣಿಕಟ್ಟು ಊದಿಕೊಂಡು ತಿರುಗುವುದೇ ಇಲ್ಲ, ಎಡಗೈಯಲ್ಲಿ ಸ್ವಲ್ಪ ಬಲ ಉಳಿದಿದೆ. ಆದರೂ ಬೆಳಿಗ್ಗೆ ಎದ್ದು ಸ್ನಾನ ಮಾಡಿ ತಾರಸಿಗೆ ಹೋಗಿ, ತಾವೇ ಬೆಳೆಸಿದ ಕುಂಡಗಳಿಂದ ಕಣಗಿಲೆ ಬಿಡಿಸಿ ತಂದು ಲಿಂಗಪೂಜೆ ಮಾಡಿದ ಮೇಲೆಯೇ ಅವರು ಕಾಫಿ ಮುಟ್ಟುತ್ತಿದ್ದದ್ದು. ಲಿಫ್ಟು ತಾರಸಿಗೆ ಹೋಗುವುದಿಲ್ಲ, ಮೆಟ್ಟಿಲೇ ಗತಿ.

ಆರು ವರ್ಷದ ಹಿಂದೆ ಒಂದು ಬೆಳಿಗ್ಗೆ ನೆಲಮಹಡಿಯ ಮೀಟರ್ ಬೋರ್ಡು ಹೊತ್ತಿಕೊಂಡಿತು. ಕೆಳಗಿನ ಬಾಗಿಲಿಗೆ ಕಲ್ಲು ಕೊಟ್ಟಿದ್ದರಿಂದ ಹೊಗೆಯೆಲ್ಲ ಮೆಟ್ಟಿಲೊಳಗೆ ನುಗ್ಗಿ ಮೇಲಕ್ಕೆ ಬಂತು. ಅತ್ತೆ ಹೂವಿನ ಬುಟ್ಟಿ ಹಿಡಿದು ತಾರಸಿಯಿಂದ ಇಳಿದು ಬರುತ್ತಿದ್ದರು. ನಮ್ಮ ಮಹಡಿಯ ಬಾಗಿಲು ಮಾತ್ರ, ಬೆಂಕಿ ಬಾಗಿಲು ಮಾಡುವ ಸೊಸೆ ಇರುವ ಮಹಡಿಯಾದ್ದರಿಂದ, ಕಲ್ಲಿಲ್ಲದೆ ನೆಟ್ಟಗೆ ಮುಚ್ಚಿತ್ತು. ಮೆಟ್ಟಿಲ ಕಡೆಯಿಂದ ಅದನ್ನು ಎಳೆಯಬೇಕು. ದಿನಾ ಹೇಗೋ ಗುದ್ದಾಡಿ ತೆಗೆಯುತ್ತಿದ್ದರು, ಅವತ್ತು ಹೊಗೆಯಲ್ಲಿ ಅವರಿಂದ ಆಗಲಿಲ್ಲ. ಬಡಿದರು, ಕೂಗಿದರು, ಈ ಕಡೆ ಯಾರಿಗೂ ಕೇಳಿಸಲಿಲ್ಲ. ಎದುರು ಮನೆಯ ಸಂಗೀತಾ ಗಾಬರಿಯಿಂದ ಮೆಟ್ಟಿಲಿಗೆ ಓಡಿ ಬಾಗಿಲು ತಳ್ಳಿದಾಗ ಅದು ಅತ್ತೆಯ ಬೆನ್ನಿಗೆ ತಾಗಿತಂತೆ. ಬಾಗಿಲಿಗೆ ಒರಗಿ ಕೂತುಬಿಟ್ಟಿದ್ದರು. ನಾನು ಶೆಡ್ಡಿನಲ್ಲಿ ಯಾರದೋ ಕಟ್ಟಡಕ್ಕೆ ಅಂಥದೇ ಇನ್ನೊಂದು ಬಾಗಿಲು ಮಾಡಿಸುತ್ತಿದ್ದೆ.

ಆಸ್ಪತ್ರೆಯಿಂದ ಬಂದ ಮೇಲೆ ಅತ್ತೆ ತಾರಸಿಗೆ ಹೋಗುವುದನ್ನು ನಿಲ್ಲಿಸಿದರು. ಹೂವು ಮಾರುವ ಲಕ್ಷ್ಮಮ್ಮ ತಂದುಕೊಡುವ ಸೇವಂತಿಗೆಯಲ್ಲಿ ಪೂಜೆ ಮುಗಿಸತೊಡಗಿದರು. ಕುಂಡಗಳಿಗೆ ನೀರು ಹಾಕುವುದು ನನ್ನ ಪಾಲಿಗೆ ಬಂತು. ನನ್ನ ಕೈಗೆ ಗಿಡ ಒಲಿಯುವುದಿಲ್ಲ, ಅರ್ಧ ಒಣಗಿದವು. ಅತ್ತೆ ಅದಕ್ಕೂ ಏನೂ ಅನ್ನಲಿಲ್ಲ. ಉಪ್ಪಿಟ್ಟಿಗೆ ಉಪ್ಪು ಕಡಿಮೆಯಾದರೆ ಮಧ್ಯಾಹ್ನದವರೆಗೆ ಮಾತಾಡುವ ಹೆಂಗಸು ಹೀಗೆ ಸುಮ್ಮನಾದದ್ದು ನನಗೆ ತಡೆಯಲಾಗಲಿಲ್ಲ. ಒಂದು ದಿನ ಅವರ ಮುಂದೆ ಕೂತು, ನಿಮ್ಮ ಎಡಗೈಗೆ ತೆರೆಯುವಂಥ ಬಾಗಿಲು ಮಾಡುತ್ತೇನೆ, ಬೆಂಕಿಯನ್ನೂ ತಡೆಯುತ್ತದೆ, ನೀವು ಮತ್ತೆ ತಾರಸಿಗೆ ಹೋಗಬೇಕು ಎಂದೆ. ಮಾಡು, ಆವಾಗ ನೋಡೋಣ ಎಂದರು.

ಅಂದುಕೊಂಡಷ್ಟು ಸುಲಭವಿರಲಿಲ್ಲ. ಬಾಗಿಲನ್ನು ಹಗುರ ಮಾಡುವುದು ಯಾರಿಗಾದರೂ ಬರುತ್ತದೆ, ಒಳಗಿರುವುದನ್ನು ತೆಗೆದರಾಯಿತು. ಹಗುರವೂ ಇದ್ದು ಎರಡು ಗಂಟೆ ಬೆಂಕಿಗೆ ಜಗ್ಗದೆ ನಿಲ್ಲಬೇಕು ಎಂದಾಗ ತಲೆ ಕೆಡುತ್ತದೆ. ಮಾದರಿ ಬಾಗಿಲನ್ನು ಪರೀಕ್ಷಾಲಯಕ್ಕೆ ಕಳಿಸಿದರೆ ಅವರು ಅದನ್ನು ದೊಡ್ಡ ಕುಲುಮೆಯ ಬಾಯಿಗೆ ಜೋಡಿಸಿ ಉರಿ ಹಚ್ಚುತ್ತಾರೆ. ನಾವು ಈ ಕಡೆ ನಿಂತು ನೋಡಬೇಕು. ಮೊದಲನೆಯದು ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಸೊಟ್ಟಗಾಗಿ ಮೂಲೆಯಲ್ಲಿ ನಾಲಗೆ ಚಾಚಿತು. ಇನ್ನೊಂದರಲ್ಲಿ ಒಳಗೆ ತುಂಬಿದ್ದ ಹಲಗೆ ಪುಡಿಪುಡಿಯಾಗಿ ತಳಕ್ಕೆ ಇಳಿಯಿತು. ಪ್ರತಿ ಸಲವೂ ತಿಂಗಳುಗಟ್ಟಲೆಯ ಕೆಲಸ ಕಣ್ಣೆದುರೇ ಹೊಗೆಯಾಗುತ್ತಿತ್ತು. ವಾಪಸ್ ಬರುವ ದಾರಿಯುದ್ದಕ್ಕೂ ನಾನು ವಿಜಯ್ ಮೇಲೆ ಕಾರಣವಿಲ್ಲದೆ ರೇಗುತ್ತಿದ್ದೆ, ಅವನು ಕಾರಣವಿಲ್ಲದೆ ಕೇಳಿಸಿಕೊಳ್ಳುತ್ತಿದ್ದ.

ಉರಿಯ ಪರೀಕ್ಷೆಗೆ ಮೊದಲು ಇನ್ನೊಂದು ಪರೀಕ್ಷೆ ಶೆಡ್ಡಿನಲ್ಲೇ ಆಗಬೇಕಿತ್ತು. ಭಾನುವಾರ ಊಟವಾದ ಮೇಲೆ ಅತ್ತೆಯನ್ನು ಕಾರಿನಲ್ಲಿ ಕರೆದುಕೊಂಡು ಬರುತ್ತಿದ್ದೆವು. ನಮ್ಮ ಫಿಟ್ಟರ್ ಹನಮಂತ ಬಾಗಿಲನ್ನು ಚೌಕಟ್ಟಿಗೆ ಕೂರಿಸಿ ಇಟ್ಟಿರುತ್ತಿದ್ದ. ಅತ್ತೆ ಸೆರಗು ಸಿಕ್ಕಿಸಿ, ಎಡಗೈಯಲ್ಲಿ ಹಿಡಿ ಹಿಡಿದು ಎಳೆಯುತ್ತಿದ್ದರು. ಎಳೆದು ಬಿಟ್ಟು, ಇದು ಎಮ್ಮೆ ಎನ್ನುತ್ತಿದ್ದರು. ಇನ್ನೊಂದಕ್ಕೆ, ಇದು ಪರವಾಗಿಲ್ಲ, ಹಸು. ನನ್ನ ಹತ್ತಿರ ಬಲ ಅಳೆಯುವ ಮಾಪಕ ಇತ್ತು, ಆದರೆ ತೀರ್ಪು ಕೊಡುತ್ತಿದ್ದದ್ದು ಆ ಊದಿದ ಗೆಣ್ಣುಗಳ ಕೈ.

ಅವರು ಕೇಳಿದ್ದು ಒಂದೇ. ಬಾಗಿಲಲ್ಲಿ ಆಚೆ ಕಾಣುವ ಹಾಗೆ ಒಂದು ಕಿಂಡಿ ಇಡು ಎಂದಿದ್ದರು. ನಾನೂ ಒಂದು ಮಾದರಿಯಲ್ಲಿ ಗಾಜು ಹಾಕಿಸಿದೆ. ಬೆಂಕಿ ತಡೆಯುವ ಗಾಜು ದಪ್ಪ, ಸಿಕ್ಕಾಪಟ್ಟೆ ಭಾರ. ಎಲ್ಲ ನಕ್ಷೆಗಳಲ್ಲೂ ಇರುವಂಥ ಉದ್ದನೆಯ ಗಾಜು ಕೂರಿಸಿದ್ದೇ ತಡ, ಇಳಿಸಿದ ತೂಕವೆಲ್ಲ ವಾಪಸ್ ಬಂತು. ಸಾಲದ್ದಕ್ಕೆ ಕುಲುಮೆಯಲ್ಲಿ ಗಾಜಿನ ಸುತ್ತಲಿನ ಪಟ್ಟಿ ಸೋತು ಜ್ವಾಲೆ ಈಚೆ ಬಂತು. ಗಾಜು ತೆಗೆದು ಬಿಸಾಕಿದೆ. ಆ ಕಡೆ ಕಾಣಲ್ವಲ್ಲ ಎಂದು ಅತ್ತೆ ಗೊಣಗಿದಾಗ, ಬಾಗಿಲು ಇರುವುದು ತೆರೆಯುವುದಕ್ಕೆ, ನೋಡುವುದಕ್ಕಲ್ಲ ಎಂದು ಬಾಯಿ ಮುಚ್ಚಿಸಿದೆ.

ಕೊನೆಗೂ ಒಂದು ನಿಂತಿತು. ತೆಳು ಉಕ್ಕಿನ ಎರಡು ಹಾಳೆ, ನಡುವೆ ಹಗುರವಾದ ಖನಿಜದ ಹಲಗೆಗಳ ಪದರ, ಅಂಚಿನಲ್ಲಿ ಬಿಸಿ ತಾಗಿದರೆ ಪೂರಿಯ ಹಾಗೆ ಉಬ್ಬಿ ಸಂದಿ ಮುಚ್ಚುವ ಪಟ್ಟಿ. ಆ ಕಡೆ ಕುಲುಮೆ ಕೆಂಪಗೆ ಉರಿಯುತ್ತಿದ್ದಾಗ ಈ ಕಡೆ ಬಾಗಿಲು ನಿಂತ ಜಾಗದಿಂದ ಕದಲಲಿಲ್ಲ. ತೂಕ ಹಳೆಯದರ ಅರ್ಧ. ಅದಕ್ಕೆ ತಕ್ಕಂತೆ ಕ್ಲೋಸರೂ ಮೆತ್ತಗೆ. ಅಂಥದೇ ಇನ್ನೊಂದನ್ನು ಶೆಡ್ಡಿನಲ್ಲಿ ಕೂರಿಸಿದಾಗ ಅತ್ತೆ ಎಳೆದು, ಇದು ಕರು ಎಂದರು. ಹನಮಂತ ಶಿಳ್ಳೆ ಹೊಡೆದ. ನನಗೆ ಅವತ್ತು ಆದಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ.

ಆಮೇಲೆ ಗೆಣ್ಣುಗಳು ಶುರುವಾದವು. ಬಿಲ್ಡರುಗಳು ತಟ್ಟಿದರು, ಅವರ ವಾಸ್ತು ಸಲಹೆಗಾರರು ತಟ್ಟಿದರು, ಒಬ್ಬರು ಡ್ರೈವರನ್ನು ಕರೆದು ಅವನ ಕೈಯಲ್ಲೂ ತಟ್ಟಿಸಿದರು. ಟೊಣ್ ಎನ್ನುವ ಬದಲು ಟಪ್ ಎಂದಿತಲ್ಲ, ಎಲ್ಲರ ಮುಖವೂ ಇಳಿಯುತ್ತಿತ್ತು. ಜಯನಗರದ ಒಂದು ಹೋಟೆಲಿನ ಮಾಲೀಕರು ಅಡುಗೆಮನೆಗೆ ಹಾಕುವ ನಮ್ಮ ಶಟರನ್ನು ಒಂದೇ ಕೈಯಲ್ಲಿ ಎತ್ತಿ, ಇಷ್ಟು ಹಗುರ ಇದ್ದರೆ ಹೇಗೆ ಎಂದು ಕನಿಕರದಿಂದ ಕೇಳಿದರು. ಬೆಂಕಿ ಬಿದ್ದಾಗ ನಿಮ್ಮ ಸಪ್ಲೈಯರ್ ಒಂದೇ ಕೈಯಲ್ಲಿ ಎಳೆಯಲಿ ಅಂತಲೇ ಹಾಗೆ ಮಾಡಿದ್ದು ಎಂದೆ. ಅವರು ಮತ್ತೊಮ್ಮೆ ತಟ್ಟಿದರು. ನಾನು ಬಾಯಿ ತೆರೆಯುವ ಮೊದಲು ವಿಜಯ್ ನನ್ನ ಕಾಲು ತುಳಿದ.

ನಮ್ಮ ಅಪಾರ್ಟ್‌ಮೆಂಟಿನ ಸಂಘದ ಅಧ್ಯಕ್ಷರು ಗುಂಡಣ್ಣ. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಒಳ್ಳೆಯ ಮನುಷ್ಯರೇ. ತುಕ್ಕು ಹಿಡಿದ ಹಳೆಯ ಬಾಗಿಲುಗಳನ್ನು ಬದಲಾಯಿಸಬೇಕು ಎಂದು ಸಂಘ ತೀರ್ಮಾನಿಸಿದಾಗ ನಾನು ಅವರನ್ನು ಶೆಡ್ಡಿಗೆ ಕರೆದುಕೊಂಡು ಹೋದೆ. ಬೆಂಕಿ ಪರೀಕ್ಷೆಯ ವಿಡಿಯೋ ತೋರಿಸಿದೆ. ಎರಡು ಸಲ ನೋಡಿ ಮೆಚ್ಚಿಕೊಂಡರು. ನೋಡಿ ಮುಗಿಸಿ, ಎದ್ದು, ಉಂಗುರದ ಬೆರಳಿನಿಂದ ಬಾಗಿಲು ತಟ್ಟಿದರು.

"ವಿಡಿಯೋ ಎಲ್ಲ ಸರಿ ಕಣಮ್ಮ. ಆದ್ರೆ ಪೊಳ್ಳು ಅನ್ಸುತ್ತಲ್ಲ. ಜನ ದಿನಾ ನೋಡೋದು ಬಾಗ್ಲನ್ನ, ವಿಡಿಯೋನಲ್ಲ."

ಬ್ಯಾಂಕಿನಲ್ಲಿ ನೋಟುಗಳನ್ನೂ ತಟ್ಟಿ ತಗೋತಿದ್ರಾ ಅಂಕಲ್ ಎಂದು ಕೇಳಿಬಿಟ್ಟೆ. ವಿಜಯ್ ನನ್ನನ್ನು ಕಾಫಿ ತರುವ ನೆಪದಲ್ಲಿ ಹೊರಗೆ ಕಳಿಸಿದ. ಈ ವ್ಯವಹಾರ ನಾನು ನೋಡಿಕೊಳ್ಳುತ್ತೇನೆ, ನೀನು ಇದರಲ್ಲಿ ತಲೆ ಹಾಕಬೇಡ ಎಂದು ಆ ಸಂಜೆ ಹೇಳಿದ.

ಸ್ವಲ್ಪ ದಿನದ ಮೇಲೆ ಗುಂಡಣ್ಣ ಅಂಕಲ್ ಒಪ್ಪಿದ ಸುದ್ದಿ ತಂದ. ಮೊದಲು ನಮ್ಮ ಮಹಡಿಗೆ ಒಂದು ಬಾಗಿಲು, ಎಲ್ಲರಿಗೂ ಹಿಡಿಸಿದರೆ ಉಳಿದ ಮಹಡಿಗಳಿಗೂ. ಹೇಗೆ ಒಪ್ಪಿಸಿದೆ ಎಂದು ನಾನು ಕೇಳಲಿಲ್ಲ. ಖುಷಿಯಲ್ಲಿದ್ದೆ. ಬಾಗಿಲು ಕೂರಿಸುವ ವಾರ ನಾನು ಹುಬ್ಬಳ್ಳಿಯ ಒಂದು ಕಟ್ಟಡದ ಅಳತೆಗೆ ಹೋಗಿದ್ದೆ. ವಾಪಸ್ ಬಂದದ್ದು ಹೊಸ ಬಾಗಿಲಿನ ಪೂಜೆಯ ದಿನ ಬೆಳಿಗ್ಗೆಯೇ. ಲಿಫ್ಟಿನಿಂದ ಇಳಿದಾಗ ಕಾರಿಡಾರಿನ ತುಂಬ ಜನ. ಬಾಗಿಲಿಗೆ ಮೂರೆಳೆ ವಿಭೂತಿ, ಕುಂಕುಮ, ಚೆಂಡುಹೂವಿನ ಮಾಲೆ. ಮೊಳೆ ಹೊಡೆದರೆ ಕೈ ಮುರಿಯುತ್ತೇನೆ ಎಂದು ನಾನು ಫೋನಿನಲ್ಲಿ ಹೆದರಿಸಿದ್ದರಿಂದ ಮಾವಿನ ತೋರಣವನ್ನು ಟೇಪಿನಲ್ಲಿ ಅಂಟಿಸಿದ್ದರು.

ಗುಂಡಣ್ಣ ಅಂಕಲ್ ಎಲ್ಲರೆದುರು ಉಂಗುರದ ಬೆರಳಿನಿಂದ ತಟ್ಟಿದರು. ದಪ್ಪ ಸದ್ದು ಬಂತು. ನೋಡಿದಿರಾ ಎಂಬಂತೆ ಸುತ್ತ ನೋಡಿದರು. ಸದ್ದು ಕೇಳಿ ನನಗೆ ಒಂದು ಕ್ಷಣ ಏನೋ ಆಯಿತು. ಗೋಡೆಗೆ ಕೂರಿಸಿದ ಮೇಲೆ ಹೀಗೆ ಕೇಳುತ್ತದೇನೋ ಅಂದುಕೊಂಡೆ. ಪ್ರಯಾಣದ ದಣಿವು, ಜನರ ಗಲಾಟೆ, ಯಾರೋ ಕೈಗೆ ಕಾಫಿ ಬೇರೆ ಕೊಟ್ಟರು.

ಬಾಗಿಲು ತೆರೆಯಬೇಕಾದವರು ಅತ್ತೆ. ಕಾರಿಡಾರಿನಲ್ಲಿ ನಿಂತು ತಳ್ಳಿದರೆ ಸಾಕು ಎಂದು ಸಂಗೀತಾ ಹೇಳುತ್ತಿದ್ದಳು. ಅತ್ತೆ ಒಪ್ಪಲಿಲ್ಲ. ಅವರು ಇಳಕಲ್ ಸೀರೆ ಉಟ್ಟು, ಆರು ವರ್ಷದಿಂದ ಅಟ್ಟದ ಮೇಲಿದ್ದ ಹೂವಿನ ಬುಟ್ಟಿ ಹಿಡಿದು ನಿಂತಿದ್ದರು.

"ತಾರಸಿಗೆ ಹೋಗಿ ಹೂವು ತಗೊಂಡು ಬರ್ತೀನಿ. ಆವತ್ತು ನಿಂತ ಕಡೆಯಿಂದ್ಲೇ ತೆಗೀತೀನಿ. ಯಾರೂ ನನ್ನ ಹಿಂದೆ ಬರ್ಬೇಡಿ."

ಹನಮಂತ ಬಾಗಿಲು ತೆಗೆದು ಹಿಡಿದ, ಅತ್ತೆ ಒಳಗೆ ಹೋದರು, ಬಾಗಿಲು ಮುಚ್ಚಿಕೊಂಡಿತು. ನಾವೆಲ್ಲ ಈ ಕಡೆ ಕಾದೆವು. ಅಷ್ಟರಲ್ಲಿ ವಿಜಯ್ ಸಿಹಿಯ ಡಬ್ಬಗಳನ್ನು ಹೊತ್ತು ಲಿಫ್ಟಿನಿಂದ ಇಳಿದ. ಅಮ್ಮ ಎಲ್ಲಿ ಎಂದು ಕೇಳಿದ. ಆ ಕಡೆ ಇದಾರೆ, ಈಗ ತೆಗೀತಾರೆ ಎಂದೆ. ಅವನ ಮುಖ ಬಿಳುಚಿಕೊಂಡಿತು. ನನಗೆ ಅರ್ಥವಾಗಲಿಲ್ಲ.

ಹಿಡಿ ಕೆಳಗಿಳಿಯಿತು. ಬಾಗಿಲು ಒಂದು ಬೆರಳಿನಷ್ಟು ಸರಿದು, ನಿಂತು, ಮುಚ್ಚಿಕೊಂಡಿತು. ಮತ್ತೆ ಹಿಡಿ ಇಳಿಯಿತು, ಮತ್ತೆ ಅಷ್ಟೇ. ಅಮ್ಮ ಮುಹೂರ್ತ ಕಾಯ್ತಿದಾರೆ ಎಂದು ಗುಂಡಣ್ಣ ಅಂಕಲ್ ಹೇಳಿದರು, ನಾಲ್ಕು ಜನ ನಕ್ಕರು. ಆಮೇಲೆ ಹಿಡಿ ಅಲ್ಲಾಡಲೇ ಇಲ್ಲ. ವಿಜಯ್ ಡಬ್ಬಗಳನ್ನು ನೆಲಕ್ಕಿಟ್ಟು ಓಡಿ ಹೋಗಿ ಭುಜ ಕೊಟ್ಟು ಬಾಗಿಲು ತಳ್ಳಿದ. ನನ್ನ ಬಾಗಿಲಿಗೆ ಭುಜ ಬೇಕಾಗಿಲ್ಲ. ಅವನು ಭುಜ ಕೊಟ್ಟದ್ದನ್ನು ನೋಡಿದಾಗಲೇ ನನಗೆ ಎಲ್ಲ ಹೊಳೆಯಿತು.

ಅತ್ತೆ ಮೆಟ್ಟಿಲ ಮೇಲೆ ಕೂತಿದ್ದರು. ಬುಟ್ಟಿ ಮಗುಚಿ ಕಣಗಿಲೆ ಕೆಳಗಿನ ಮೆಟ್ಟಿಲುಗಳವರೆಗೆ ಚೆಲ್ಲಿತ್ತು. ನಮ್ಮನ್ನು ನೋಡಲಿಲ್ಲ. ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದರು.

"ಇದೂ ಹೋಯ್ತು ಕಣಮ್ಮ" ಎಂದರು.

ಜನ ಚಪ್ಪಾಳೆ ತಟ್ಟಿದರು. ಅವರಿಗೇನು ಗೊತ್ತು. ಸಿಹಿ ತಿಂದು, ಬಾಗಿಲು ಸಖತ್ತಾಗಿದೆ, ಗಟ್ಟಿಯಾಗಿದೆ ಎಂದು ಹೇಳಿ ಹೋದರು.

ಮನೆಯೊಳಗೆ ಬಂದ ಮೇಲೆ ವಿಜಯ್ ಬಾಯಿ ಬಿಟ್ಟ. ಗುಂಡಣ್ಣ ಅಂಕಲ್‌ಗೆ ಸದ್ದು ಹಿಡಿಸಲಿಲ್ಲ ಎಂದು ಒಳಗೆ ಒಂದು ದಪ್ಪ ಉಕ್ಕಿನ ಹಾಳೆ ತುಂಬಿಸಿದ್ದ. ಭಾರ ಹೆಚ್ಚಾದದ್ದಕ್ಕೆ ಕ್ಲೋಸರನ್ನೂ ಬಿಗಿ ಮಾಡಿಸಿದ್ದ. ನನಗೆ ಹೇಳಬೇಡ ಎಂದು ಹನಮಂತನಿಗೆ ತಾಕೀತು ಮಾಡಿದ್ದ. ಅಮ್ಮ ಕಾರಿಡಾರಿನಿಂದ ತಳ್ಳುತ್ತಾರೆ, ಪಕ್ಕದಲ್ಲಿ ತಾನೂ ಒಂದು ಕೈ ಕೊಡುವುದು, ಉಳಿದ ಮಹಡಿಗಳ ಆರ್ಡರ್ ಸಿಕ್ಕ ಮೇಲೆ ನಿಧಾನವಾಗಿ ಹಾಳೆ ತೆಗೆಸಿಬಿಡುವುದು, ಇದು ಅವನ ಲೆಕ್ಕಾಚಾರ. ಎಷ್ಟು ಕಡೆ ತಟ್ಟಿಸಿಕೊಂಡು ಬರೋದು, ನನಗೂ ಸಾಕಾಗಿದೆ ಎಂದು ಅವನೂ ಕೂಗಿದ.

ನಾನು ಸುಮ್ಮನಿರಲಿಲ್ಲ. ಆರು ವರ್ಷ ಒಂದೊಂದು ಚೂರು ತೂಕ ಇಳಿಸಲು ನಾನು ಪಟ್ಟ ಪಾಡನ್ನು ಒಂದು ಮಧ್ಯಾಹ್ನದಲ್ಲಿ ಮಣ್ಣು ಮಾಡಿದೆ ಎಂದೆ. ಆ ಹಾಳೆ ಇರುವ ಬಾಗಿಲನ್ನು ಯಾವ ಕುಲುಮೆಯಲ್ಲೂ ಯಾರೂ ಸುಟ್ಟು ನೋಡಿಲ್ಲ, ಬೆಂಕಿಯಲ್ಲಿ ಅದು ಹೇಗೆ ಸೊಟ್ಟಗಾಗುತ್ತದೋ ದೇವರಿಗೇ ಗೊತ್ತು ಎಂದೆ. ಇನ್ನೂ ಏನೇನೋ ಅಂದೆ. ಅಷ್ಟರಲ್ಲಿ ಅತ್ತೆ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು.

"ಹಂಗಾದ್ರೆ ನನ್ನ ಕೈ ಹೋಗಿಲ್ವಾ?" ಎಂದು ನನ್ನನ್ನು ಕೇಳಿದರು.

ಇಲ್ಲ ಅತ್ತೆ ಎಂದೆ. ಅವರು ಮಗನ ಕಡೆ ತಿರುಗಿದರು. ದನಿ ಎತ್ತರಿಸಲಿಲ್ಲ.

"ನೀನು ಬಾಗ್ಲು ಮಾಡಿರೋದು ಗುಂಡಣ್ಣನ ಬೆರಳಿಗೆ ಕಣಪ್ಪ. ನನ್ನ ಕೈಗಲ್ಲ."

ಮರುದಿನ ವಿಜಯ್ ತಾನೇ ಹನಮಂತನ ಜೊತೆ ಸೇರಿ ಬಾಗಿಲು ಕಳಚಿ ಶೆಡ್ಡಿಗೆ ಸಾಗಿಸಿದ. ಹಾಳೆ ತೆಗೆದು ಹಳೆಯ ಹಾಗೇ ಮಾಡಿ ತಂದು ಕೂರಿಸಿದ, ಕ್ಲೋಸರ್ ಸಡಿಲಿಸಿದ. ಗುಂಡಣ್ಣ ಅಂಕಲ್ ಬಂದು ತಟ್ಟಿ, ನಿಟ್ಟುಸಿರು ಬಿಟ್ಟು, ನಿಮ್ಮ ಮಹಡಿಯಲ್ಲಿ ಏನಾದರೂ ಹಾಕಿಕೊಳ್ಳಿ, ಉಳಿದ ಕಡೆ ಸಂಘ ಬೇರೆಯವರಿಂದ ಹಾಕಿಸುತ್ತದೆ ಎಂದರು. ಈಗ ಕೆಳಗಿನ ಎಲ್ಲ ಮಹಡಿಗಳಲ್ಲೂ ಹೊಸ ಉಕ್ಕಿನ ಬಾಗಿಲು, ಭಾರಿ ಭಾರದ್ದು, ತಟ್ಟಿದರೆ ಟೊಣ್ ಎನ್ನುವಂಥದ್ದು. ಎಲ್ಲಕ್ಕೂ ಕಲ್ಲು ಬಂದಿದೆ. ದಿನಾ ಮೆಟ್ಟಿಲಲ್ಲಿ ಇಳಿಯುತ್ತ ಒಂದೊಂದೇ ಕಲ್ಲನ್ನು ಕಾಲಿನಿಂದ ಸರಿಸುತ್ತೇನೆ, ಸಂಜೆ ಬರುವಷ್ಟರಲ್ಲಿ ವಾಪಸ್ ಬಂದಿರುತ್ತವೆ.

ಆದರೂ ಅತ್ತೆ ಗೆದ್ದರಲ್ಲ ಎಂಬುದೇ ನನಗೆ ಸಮಾಧಾನ. ಮೆಟ್ಟಿಲ ಕಡೆ ನಿಂತು ಎಡಗೈಯಲ್ಲಿ ಹಿಡಿ ಎಳೆದರು, ಬಾಗಿಲು ಬೀರುವಿನ ಕದದ ಹಾಗೆ ಬಂತು. ನಾಲ್ಕೈದು ಸಲ ತೆಗೆದು ಹಾಕಿ ಮಾಡಿದರು. ಮಾರನೆಯ ಬೆಳಿಗ್ಗೆಯಿಂದ ಪೂಜೆಗೆ ಮತ್ತೆ ಕಣಗಿಲೆ ಬಂತು. ಉಪ್ಪಿಟ್ಟಿನ ಉಪ್ಪಿನ ಬಗ್ಗೆಯೂ ಮಾತು ಬಂತು. ಆರ್ಡರ್ ಹೋದರೆ ಹೋಗಲಿ, ನಾನು ಅಂದುಕೊಂಡದ್ದು ಆಯಿತು ಎಂದು ಬೀಗುತ್ತ ಓಡಾಡಿದೆ.

ಒಂದು ವಾರವೂ ಆಗಿರಲಿಲ್ಲ. ಬೆಳಿಗ್ಗೆ ಹಾಲು ತರಲು ಹೋದವಳು ಲಿಫ್ಟಿನಿಂದ ಇಳಿದು ನೋಡುತ್ತೇನೆ, ನಮ್ಮ ಬಾಗಿಲು ಪೂರ್ತಿ ತೆರೆದಿದೆ. ಬುಡದಲ್ಲಿ ಕಲ್ಲು. ಕುಂಡಗಳ ಕೆಳಗೆ ಇಡುವಂಥ ಚಪ್ಪಟೆ ಕಲ್ಲು, ತೊಳೆದು ಒರೆಸಿ ಇಟ್ಟಿದ್ದರು. ಹಾಲಿನ ಪ್ಯಾಕೆಟ್ಟುಗಳನ್ನು ಅಲ್ಲೇ ನೆಲಕ್ಕಿಟ್ಟು ಸಂಗೀತಾಳ ಮನೆಯ ಬೆಲ್ ಒತ್ತಿ ಹಿಡಿದೆ. ಕೂದಲಿಗೆ ಟವೆಲ್ ಸುತ್ತಿಕೊಂಡು ಬಂದ ಅವಳು ನಾನಲ್ಲ ಎಂದಳು. ಈ ಬಾಗಿಲಿಗೂ ಕಲ್ಲಿಡುವವರಿಗೆ ಕೈಯೇನು ಸೊಟ್ಟಗಿದೆಯಾ, ಇದಕ್ಕಿಂತ ಹಗುರವಾಗಿ ಇನ್ನೇನು ಮಾಡಲಿ, ಪರದೆ ಕಟ್ಟಲಾ ಎಂದು ಅವಳ ಮುಂದೆ ಕೂಗಾಡಿದೆ. ಗುಂಡಣ್ಣ ಅಂಕಲ್ ಮನೆಗೇ ಹೋಗಿ ಕೇಳುತ್ತೇನೆ ಎಂದು ಕಲ್ಲನ್ನು ಎತ್ತಿಕೊಳ್ಳಲು ಬಗ್ಗಿದೆ.

"ಅದನ್ನ ಅಲ್ಲೇ ಬಿಡು. ನಾನೇ ಇಟ್ಟಿದ್ದು."

ಅತ್ತೆ ತಾರಸಿಯ ಮೆಟ್ಟಿಲ ಮೇಲಿದ್ದರು, ಕೈಯಲ್ಲಿ ಬುಟ್ಟಿ. ಅವರು ನಿಧಾನವಾಗಿ ಇಳಿದು ಬಂದು, ಕಲ್ಲನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದರು. ಬಾಗಿಲು ನಮ್ಮಿಬ್ಬರ ನಡುವೆ ಮುಚ್ಚಿಕೊಂಡಿತು. ಒಂದು ಗಳಿಗೆಯ ಮೇಲೆ ಅವರು ಅದನ್ನು ಎಡಗೈಯಲ್ಲಿ ಎಳೆದು ತೆರೆದರು.

"ನೋಡು, ತೆಗೆಯೋಕೆ ಬರುತ್ತೆ. ಅದಕ್ಕೇನೂ ತೊಂದ್ರೆ ಇಲ್ಲ."

"ಮತ್ತೆ ಕಲ್ಲು ಯಾಕೆ ಅತ್ತೆ?"

"ಮುಚ್ಕೊಂಡ್ಮೇಲೆ ಈ ಕಡೆ ಯಾರಾದ್ರೂ ಇದಾರೋ ಇಲ್ವೋ ಗೊತ್ತಾಗಲ್ಲ ಅಂಜನಾ. ಆವತ್ತೂ ಗೊತ್ತಾಗ್ಲಿಲ್ಲ. ಪೂಜೆ ದಿನಾನೂ, ನೀವೆಲ್ಲ ಇದೀರೋ, ಕಾಫಿ ಕುಡಿಯೋಕೆ ಒಳಗೆ ಹೋದ್ರೋ, ಗೊತ್ತಾಗ್ಲಿಲ್ಲ. ಅಲ್ಲಿ ಕೂತಾಗ ಉಸಿರು ಕಟ್ಟುತ್ತೆ. ಕಿಂಡಿ ಇಡು ಅಂತ ನಿಂಗೆ ಅವಾಗ್ಲೇ ಹೇಳಿದ್ದೆ."

ಹೌದು, ಹೇಳಿದ್ದರು. ಗಾಜು ಹಾಕಿದರೆ ಭಾರವಾಗುತ್ತದೆ, ಕುಲುಮೆಯಲ್ಲಿ ಸೋಲುತ್ತದೆ, ಮತ್ತೆ ಮೊದಲಿನಿಂದ ಶುರುಮಾಡಬೇಕು ಎಂಬ ಮಾತೆಲ್ಲ ನಾಲಗೆಯ ತುದಿಗೆ ಬಂದಿತ್ತು. ನನಗೆ ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು. ಆರು ವರ್ಷ ಅವರ ಕೈಯನ್ನು ಅಳೆದೆ, ಅವರ ಹೆದರಿಕೆಯನ್ನು ಅಳೆಯಲಿಲ್ಲ. ಚೂಡಿದಾರದ ಜೇಬಿನಿಂದ ಪೆನ್ಸಿಲ್ ತೆಗೆದು, ಎಲ್ಲಿ ಬೇಕು ತೋರಿಸಿ ಎಂದೆ.

ಅತ್ತೆ ಬಾಗಿಲ ಮುಂದೆ ನೆಟ್ಟಗೆ ನಿಂತು, ತಮ್ಮ ಕಣ್ಣಿನ ನೇರಕ್ಕೆ ಎಡಗೈಯ ಅಂಗೈ ಒತ್ತಿದರು. ನನ್ನ ನಕ್ಷೆಯ ಗಾಜು ಇದ್ದದ್ದು ಅದಕ್ಕಿಂತ ಬಹಳ ಮೇಲೆ, ನನ್ನ ಎತ್ತರಕ್ಕೆ. ಉದ್ದವೂ ಇಷ್ಟಕ್ಕೆ ನಾಲ್ಕು ಪಟ್ಟು. ಇಷ್ಟಿದ್ದರೆ ಸಾಕಾ ಎಂದೆ. ಒಂದು ಮುಖ ಕಂಡ್ರೆ ಸಾಕು ಎಂದರು. ನಾನು ಆ ಅಂಗೈಯ ಸುತ್ತ ಗೆರೆ ಎಳೆದೆ.

ಕಲ್ಲನ್ನು ತಾರಸಿಗೆ ಒಯ್ದು ಕುಂಡದ ಕೆಳಗಿಟ್ಟು ಬಂದೆ. ಅಂಗೈಯಗಲದ ಗಾಜಿನ ಹೊಸ ಮಾದರಿ ಶೆಡ್ಡಿನಲ್ಲಿ ತಯಾರಾಗುತ್ತಿದೆ. ಪರೀಕ್ಷಾಲಯದಲ್ಲಿ ನಮ್ಮ ಸರದಿ ಬರಲು ಇನ್ನೂ ತಿಂಗಳುಗಳು ಬೇಕು, ಗಾಜಿನ ಸುತ್ತಲಿನ ಪಟ್ಟಿ ಈ ಸಲವೂ ಸೋತರೆ ಮತ್ತೆ ಮೊದಲಿನಿಂದ. ವಿಜಯ್ ಈಗಾಗಲೇ ಗಿರಾಕಿಗಳಿಗೆ ಇದರ ಬಗ್ಗೆ ಹೇಳತೊಡಗಿದ್ದಾನೆ. ಅವರು ಈಗ ಗಾಜನ್ನೂ ತಟ್ಟಿ ನೋಡುತ್ತಾರಂತೆ.

ಅಲ್ಲಿಯವರೆಗೆ ಬೆಳಿಗ್ಗೆ ಅತ್ತೆ ಹೂವಿಗೆ ಹೋದಾಗ ನಾನು ಈ ಕಡೆ, ಮುಚ್ಚಿದ ಬಾಗಿಲಿಗೆ ಕಿವಿ ಕೊಟ್ಟು ನಿಲ್ಲುತ್ತೇನೆ. ಒಲೆಯ ಮೇಲೆ ಹಾಲು ಉಕ್ಕುತ್ತಿರುತ್ತದೆ, ಶೆಡ್ಡಿನಿಂದ ಫೋನು ಬರುತ್ತಿರುತ್ತದೆ, ಲಿಫ್ಟಿನಿಂದ ಇಳಿದವರು ಇವಳಿಗೇನಾಯಿತು ಎಂದು ನೋಡಿಕೊಂಡು ಹೋಗುತ್ತಾರೆ. ಆ ಕಡೆ ಚಪ್ಪಲಿಯ ಸದ್ದು ಕೆಳಗಿಳಿದು ಬಂದು, ಬಾಗಿಲ ಹತ್ತಿರ ನಿಲ್ಲುತ್ತದೆ. ಅತ್ತೆ ಹಿಡಿಗೆ ಕೈ ಹಾಕುವ ಮೊದಲು ಕೇಳುತ್ತಾರೆ.

"ಇದೀಯೇನೇ?"

"ಇದೀನಿ ಅತ್ತೆ, ಬನ್ನಿ" ಎನ್ನುತ್ತೇನೆ.